ಮುಂಡಗೋಡದ ಗಂಟೆ, ಡಂಬಳದ ತಾರೆ

ಹಳೇ ಹುಬ್ಬಳ್ಳಿಯಲ್ಲಿ ನಮಗೊಬ್ಬ ಬಾಲ್ಯದ ಗೆಳೆಯನಿದ್ದಾನೆ. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಒಂದೇ ಗೋಣಿತಟ್ಟಿನ ಮೇಲೆ ಕೂತು ಅಲಿಫ್ ಬೇ ತಿದ್ದಿದವರು. ಆಮೇಲೆ ನಮ್ಮನ್ನು ಕನ್ನಡ ಶಾಲೆಗೆ ಹಾಕಿದರು, ಅವನನ್ನು ಅವನ ಅಬ್ಬಾ ತಮ್ಮ ಗುಜರಿ ಅಂಗಡಿಯಲ್ಲಿ ಕೂಡಿಸಿಕೊಂಡರು. ಇಂದಿಗೂ ಕಥೆಗೆ ಎಳೆ ಸಿಗದಿದ್ದಾಗ ನಾವು ಆ ಅಂಗಡಿಗೆ ಹೋಗಿ ಕೂಡುತ್ತೇವೆ. ಊರಿನ ಮನೆಮನೆಯ ಇತಿಹಾಸ ಕೊನೆಗೆ ಬಂದು ಬೀಳುವುದು ಅಲ್ಲಿಗೇ. ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ತಂಬಿಗೆ, ಕಲಾಯಿ ಹೋದ ಹಂಡೆ, ಬಿರುಕು ಬಿಟ್ಟ ಕಂಚಿನ ಗಂಗಾಳ.

ಎರಡು ವರ್ಷದ ಹಿಂದೆ ಚಳಿಗಾಲದ ಒಂದು ಮಧ್ಯಾಹ್ನ ಹಿತ್ತಾಳೆ ನಳಗಳ ರಾಶಿಯ ನಡುವೆ ಒಂದು ಗಂಟೆ ಕಂಡಿತು. ಒಂದು ಗೇಣಿಗಿಂತ ಕಡಿಮೆ ಎತ್ತರ. ಹಿಡಿಕೆಯಲ್ಲಿ ಕಿರೀಟ ಧರಿಸಿದ ಹೆಣ್ಣಿನ ಮುಖ, ಅದರ ಮೇಲೆ ಮೊಗ್ಗಿನಂತೆ ಕೂಡಿಕೊಂಡ ಐದು ಕವಲು. ಒಳಗೆ ನಾಲಗೆ ಇರಲಿಲ್ಲ. ಇದು ಎಲ್ಲಿಯದು ಎಂದು ಕೇಳಿದೆವು. ‘ಕ್ಯಾ ಮಾಲೂಮ್ ರೇ, ಕಾಂಸೆ ಕೆ ಭಾವ್ ಸೇ ಲಿಯಾ’ ಅಂದ. ಯಾರು ತಂದು ಹಾಕಿದರೋ ನೆನಪಿಲ್ಲ, ಕಂಚಿನ ದರಕ್ಕೆ ಕೊಂಡಿದ್ದ, ಅಷ್ಟೇ. ತಕ್ಕಡಿಗೆ ಹಾಕಿದ. 640 ಗ್ರಾಂ ತೂಗಿತು. ಗೆಳೆಯನೆಂಬ ಮುಲಾಜಿಗೆ ಲಾಭ ಬಿಟ್ಟು ಅದೇ ದರಕ್ಕೆ ನಮಗೆ ಕೊಟ್ಟ. ತೂಕದ ಚೀಟಿಯನ್ನೂ ಬರೆದುಕೊಟ್ಟ.

ಇಂಥ ಗಂಟೆಯನ್ನು ಮುಂಡಗೋಡದಲ್ಲಿ ಲಾಮಾಗಳ ಕೈಯಲ್ಲಿ ನೋಡಿದ ನೆನಪು ನಮಗಿತ್ತು. ಹುಬ್ಬಳ್ಳಿಯಿಂದ ತಡಸದ ಮೇಲೆ ಹಾಯ್ದು ಹೋದರೆ ಮುಂಡಗೋಡಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಈ ಸೀಮೆಯವರಿಗೆ ಟಿಬೆಟಿಯನ್ನರು ಎಂದರೆ ಸ್ವೆಟರ್ ಮಾರುವವರು. ನವೆಂಬರ್ ಬಂತೆಂದರೆ ಹುಬ್ಬಳ್ಳಿ ಧಾರವಾಡಗಳಲ್ಲಿ ಅವರ ಉಣ್ಣೆಯ ಅಂಗಡಿಗಳು ಏಳುತ್ತವೆ, ನಮ್ಮ ಬೇಗಂಗಳು ಅವರೊಡನೆ ಚೌಕಾಶಿ ಮಾಡುತ್ತಾರೆ, ಚಳಿ ಮುಗಿಯುತ್ತಲೇ ಅವರು ಮಾಯವಾಗುತ್ತಾರೆ. ಅವರ ಊರಲ್ಲಿ ಏನಿದೆ ಎಂದು ವಿಚಾರಿಸಿದವರು ನಮ್ಮಲ್ಲಿ ಕಡಿಮೆ.

1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಭಿಕ್ಷುಗಳಲ್ಲಿ ಬಹಳ ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇಟ್ಟರು. ಅದು ಬ್ರಿಟಿಷರ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಕೂಡಿಹಾಕುತ್ತಿದ್ದ ಜಾಗ. ಎತ್ತರದ ತಂಪು ನಾಡಿನಿಂದ ಬಂದವರು ಅಲ್ಲಿನ ಸೆಕೆಗೆ, ಕ್ಷಯಕ್ಕೆ ತುತ್ತಾಗಿ ಎಷ್ಟೋ ಮಂದಿ ಸತ್ತರು. ನಮ್ಮ ರಾಜ್ಯ ಈ ನಿರಾಶ್ರಿತರಿಗೆ ಭೂಮಿ ಕೊಟ್ಟಿತು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ. ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳು ಕೆಲವು ವರ್ಷಗಳಲ್ಲಿ ಇಲ್ಲಿಗೆ ಬಂದು, ಲಾಸಾದ ಹತ್ತಿರ 1409ರಲ್ಲಿ ಹುಟ್ಟಿದ ಗಾಂಡೆನ್ ಮತ್ತು 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳನ್ನು ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದರು. ಕಾಡು ಕಡಿದರು, ಗೋವಿನಜೋಳ ಬಿತ್ತಿದರು, ಸಂಜೆ ತರ್ಕಶಾಸ್ತ್ರ ಓದಿದರು.

ಆ ತಲೆಮಾರಿನ ಒಬ್ಬ ಲಾಮಾ ನಮ್ಮ ಗಂಟೆಯನ್ನು ನೋಡಿದರು. ಎಂಬತ್ತು ದಾಟಿದವರು. ಹಿಂದಿಯಲ್ಲಿ ಮುಂಡಗೋಡದ ಕನ್ನಡ ಬೆರೆಸಿ ಮಾತಾಡುತ್ತಾರೆ. ಗಂಟೆಯನ್ನು ಎಡಗೈಗೆ ತೆಗೆದುಕೊಂಡು, ಬಲಗೈ ಖಾಲಿ ಚಾಚಿ, ‘ಇದರ ಜೋಡಿ ಎಲ್ಲೈತಿ ಭಾಯಿಸಾಬ್?’ ಅಂದರು. ನಮಗೆ ತಿಳಿಯಲಿಲ್ಲ. ಜೋಡಿ ಎಂದರೆ ವಜ್ರ. ಟಿಬೆಟಿಯನ್ನರ ಮಾತಿನಲ್ಲಿ ದೋರ್ಜೆ. ಎರಡೂ ತುದಿಗೆ ಐದೈದು ಕವಲಿರುವ ಚಿಕ್ಕ ಲೋಹದ ಆಯುಧ. ಪೂಜೆಯಲ್ಲಿ ಅದು ಬಲಗೈಯಲ್ಲಿ, ಗಂಟೆ ಎಡಗೈಯಲ್ಲಿ. ವಜ್ರ ಕರುಣೆಯ ಉಪಾಯ, ಗಂಟೆ ಪ್ರಜ್ಞೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೆಲಸವಿಲ್ಲ. ಹರಾಜಿನ ಕ್ಯಾಟಲಾಗುಗಳಲ್ಲಿ ಒಂಟಿ ಗಂಟೆಗಳೂ ಒಂಟಿ ವಜ್ರಗಳೂ ಬೇರೆ ಬೇರೆ ಬೆಲೆಗೆ ಬರುತ್ತವೆ. ಅವು ಒಂದು ಕಾಲಕ್ಕೆ ಯಾರದೋ ಎರಡು ಕೈಗಳಲ್ಲಿ ಇದ್ದವು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಮುದುಕರು ಗಂಟೆಯನ್ನು ನೆಲದ ಮೇಲಿಟ್ಟು ನೇರ ಮೇಲಿನಿಂದ ನೋಡಲು ಹೇಳಿದರು. ಹಾಗೆ ನೋಡಿದಾಗ ಅದು ಗಂಟೆಯಾಗಿ ಉಳಿಯಲಿಲ್ಲ. ನಡುವೆ ಹಿಡಿಕೆ, ಅದರ ಬುಡದಲ್ಲಿ ಎಂಟು ದಳದ ಕಮಲ, ದಳಕ್ಕೊಂದರಂತೆ ಅಕ್ಷರ. ಹೊರಗಡೆ ಮಣಿಮಾಲೆ, ಅದರಾಚೆ ಸಾಲಾಗಿ ಚಿಕ್ಕ ವಜ್ರಗಳ ಬೇಲಿ, ಕೊನೆಗೆ ಅಂಚು. ಗೋಡೆಯ ಮೇಲೆ ತೂಗುವ ಮಂಡಲದ ಚಿತ್ರದಲ್ಲೂ ಇದೇ ಇರುತ್ತದೆ: ನಡುವೆ ದೇವತೆ, ಸುತ್ತ ಕಮಲ, ಹೊರಗೆ ವಜ್ರದ ಬೇಲಿ. ಬಟ್ಟೆಯ ಮೇಲೆ ಚಪ್ಪಟೆಯಾಗಿ ಬರೆದದ್ದನ್ನು ಕಂಚಿನಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಆ ಎಂಟು ಅಕ್ಷರಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಅವರು ‘ತಾಂ’ ಎಂದು ಓದಿದರು. ‘ಡೋಲ್ಮಾ’ ಅಂದರು.

ಡೋಲ್ಮಾ ಎಂದರೆ ತಾರಾ. ನಮ್ಮೂರಿಗೆ ಸ್ವೆಟರ್ ಮಾರಲು ಬರುವ ಹೆಣ್ಣುಮಕ್ಕಳಲ್ಲಿ ಈ ಹೆಸರಿನವರು ಎಷ್ಟೋ ಮಂದಿ.

ಮುಂಡಗೋಡದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ನಮಗೆ ಡಂಬಳ ನೆನಪಾಯಿತು. ಗದಗಿನಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಮುಂಡರಗಿ ತಾಲೂಕಿನ ಊರು ಅದು. ಹನ್ನೊಂದನೇ ಶತಮಾನದಲ್ಲಿ ಅದರ ಹೆಸರು ಧರ್ಮವೊಳಲು. ಅಲ್ಲಿ 1095ರ ಒಂದು ಶಾಸನ ಸಿಕ್ಕಿದೆ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ, ಅವನ ರಾಣಿ ಲಕ್ಷ್ಮಾದೇವಿಗೆ ಡಂಬಳದ ಆಡಳಿತವಿತ್ತು. ಶಾಸನದಲ್ಲಿ ಎರಡು ಬೌದ್ಧ ವಿಹಾರಗಳಿಗೆ ಕೊಟ್ಟ ದತ್ತಿಯ ವಿವರವಿದೆ. ಒಂದು, ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರ. ಇನ್ನೊಂದು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ. ಜೆ.ಎಫ್. ಫ್ಲೀಟ್ ಇದನ್ನು 1881ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು.

ಟಿಬೆಟಿನಲ್ಲಿ ತಾರೆಯ ಆರಾಧನೆಯನ್ನು ಬೇರೂರಿಸಿದವರು ಬಂಗಾಳದ ಅತೀಶ ದೀಪಂಕರ. ಅವರು ವಿಕ್ರಮಶೀಲ ವಿಹಾರವನ್ನು ಬಿಟ್ಟು ಪಶ್ಚಿಮ ಟಿಬೆಟನ್ನು ಮುಟ್ಟಿದ್ದು 1042ರಲ್ಲಿ, ಟಿಬೆಟಿನಲ್ಲೇ ತೀರಿಕೊಂಡದ್ದು 1054ರಲ್ಲಿ. ಡಂಬಳದ ಶಾಸನ ಅದಕ್ಕೆ ನಲವತ್ತು ವರ್ಷ ಈಚಿನದು. ಅಂದರೆ ಲಾಸಾದ ಸೀಮೆಯಲ್ಲೂ ನಮ್ಮ ಗದಗ ಸೀಮೆಯಲ್ಲೂ ಒಂದೇ ದೇವಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ದೀಪ ಹಚ್ಚುತ್ತಿದ್ದರು. ಕರ್ನಾಟಕದಲ್ಲಿ ಡಂಬಳ ಒಂಟಿಯಾಗಿಯೂ ಇರಲಿಲ್ಲ. 1065ರಲ್ಲಿ ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಬೌದ್ಧ ವಿಹಾರ ಕಟ್ಟಿಸಿದ್ದ. ಇನ್ನೂ ಹಿಂದೆ, 968ರಲ್ಲಿ, ಮಂಗಳೂರಿನ ಕದ್ರಿಯ ವಿಹಾರದಲ್ಲಿ ಆಳುಪ ದೊರೆ ಕುಂದವರ್ಮ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ. ಮೂರು ಮುಖ, ಆರು ಕೈಗಳ ಆ ಕಂಚಿನ ಮೂರ್ತಿ ಇಂದಿಗೂ ಕದ್ರಿ ಮಂಜುನಾಥನ ಗುಡಿಯಲ್ಲಿ ಪೂಜೆಗೊಳ್ಳುತ್ತಿದೆ. ದಕ್ಷಿಣದ ಅತ್ಯುತ್ತಮ ಎರಕಗಳಲ್ಲಿ ಅದೂ ಒಂದು. ಟಿಬೆಟಿಯನ್ನರು ಚೆನ್‌ರೆಜಿಗ್ ಎಂದು ಕರೆಯುವುದು ಇದೇ ಲೋಕೇಶ್ವರನನ್ನು, ದಲಾಯಿ ಲಾಮಾ ಅವರನ್ನು ಅವನ ಅವತಾರವೆಂದೇ ನಂಬುತ್ತಾರೆ. ಹಿಮಾಲಯದ ಕಂಚು ಎಂದು ದೂರದಿಂದ ಬೆರಗಾಗುವ ನಾವು ನಮ್ಮ ಹಿತ್ತಲಿನ ಕಂಚನ್ನು ಮರೆತವರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾದೀತು. ಅತೀಶರ ವಿಕ್ರಮಶೀಲ ಹಾಳಾದದ್ದು ಹದಿಮೂರನೇ ಶತಮಾನದ ಹೊಸ್ತಿಲಲ್ಲಿ, ಬಖ್ತಿಯಾರ್ ಖಿಲ್ಜಿಯ ದಂಡಿನ ಕಾಲದಲ್ಲಿ. ಅಲ್ಲಿನ ಹಿರಿಯ ಪಂಡಿತ ಶಾಕ್ಯಶ್ರೀಭದ್ರ 1204ರಲ್ಲಿ ಟಿಬೆಟನ್ನು ಸೇರಿದರು. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಡಂಬಳಕ್ಕೆ ಯಾವ ಖಿಲ್ಜಿಯೂ ಬರಲಿಲ್ಲ. ದತ್ತಿ ಕೊಡುತ್ತಿದ್ದ ಸೆಟ್ಟಿಗಳ ಮಕ್ಕಳು, ಮೊಮ್ಮಕ್ಕಳು ಬೇರೆ ಬಾಗಿಲುಗಳಿಗೆ ಹೋದರು, ವಿಹಾರದ ದೀಪಕ್ಕೆ ಎಣ್ಣೆ ನಿಂತಿತು. ದಂಡು ಬಂದಲ್ಲೂ ಬಾರದಲ್ಲೂ ಉಳಿದದ್ದು ಬಯಲು. ಇತಿಹಾಸವನ್ನು ಒಂದೇ ಕಾರಣದ ಗೂಟಕ್ಕೆ ಕಟ್ಟುವವರು ಡಂಬಳಕ್ಕೊಮ್ಮೆ ಹೋಗಿ ಬರಬೇಕು.

ಹೋದರೆ ದೊಡ್ಡಬಸಪ್ಪನ ಗುಡಿಯನ್ನು ನೋಡದೆ ಬರಬಾರದು. ಅದು ಬೌದ್ಧರದಲ್ಲ, ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ. ಗರ್ಭಗುಡಿಯ ಹೊರಗೋಡೆಗೆ ಸಪಾಟಾದ ಮುಖವೇ ಇಲ್ಲ, ಸುತ್ತ ಮೂಲೆಗಳೇ. ಎಣಿಸಿದರೆ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರವಾಗುತ್ತದೆ. ಕಲಾ ಇತಿಹಾಸಕಾರರು ಇದರ ಗುಟ್ಟನ್ನು ಬಿಡಿಸಿದ್ದಾರೆ. ನೆಲದ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ. ಆ ಚೌಕವನ್ನು ನಡುವಿನ ಗೂಟದ ಸುತ್ತ ಹದಿನೈದು ಡಿಗ್ರಿ ತಿರುಗಿಸಿ ಮತ್ತೊಂದು, ಮತ್ತೆ ತಿರುಗಿಸಿ ಇನ್ನೊಂದು. ಆರು ಚೌಕಗಳಿಗೆ ಇಪ್ಪತ್ನಾಲ್ಕು ಮೂಲೆ. ಬೇಕಾದದ್ದು ಒಂದು ಗೂಟ ಮತ್ತು ಒಂದು ದಾರ.

ಟಿಬೆಟಿನ ಮಂಡಲವೂ ಶುರುವಾಗುವುದು ದಾರದಿಂದಲೇ. ನಮ್ಮ ಮೇಸ್ತ್ರಿಗಳು ಗೋಡೆ ಕಟ್ಟುವ ಮುಂಚೆ ಬಣ್ಣ ಹಚ್ಚಿದ ದಾರವನ್ನು ಎರಡೂ ತುದಿ ಬಿಗಿಹಿಡಿದು ‘ಟಪ್’ ಎಂದು ಹೊಡೆದು ಗೆರೆ ಮೂಡಿಸುತ್ತಾರಲ್ಲ, ಭಿಕ್ಷುಗಳು ಮಾಡುವುದೂ ಅದನ್ನೇ. ಮೊದಲು ಪೂರ್ವದಿಂದ ಪಶ್ಚಿಮಕ್ಕೆ, ಉತ್ತರದಿಂದ ದಕ್ಷಿಣಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ. ನಡುಗೆರೆಯನ್ನು ಅವರು ‘ತ್ಸಾಂಗ್ ಥಿಗ್’ ಎನ್ನುತ್ತಾರೆ. ಅರ್ಥ ಕೇಳಿದಾಗ ನಾವು ಬೆಚ್ಚಿದೆವು. ತ್ಸಾಂಗ್ ಎಂದರೆ ಬ್ರಹ್ಮ, ಥಿಗ್ ಎಂದರೆ ದಾರ, ಗೆರೆ. ಬ್ರಹ್ಮಸೂತ್ರ! ನಮ್ಮ ಶಿಲ್ಪಶಾಸ್ತ್ರದವರು ಗುಡಿಯ, ಮೂರ್ತಿಯ ನಡುಗೆರೆಗೆ ಹೇಳುವ ಅದೇ ಮಾತು ಭಾಷೆ ಬದಲಿಸಿಕೊಂಡು ಹಿಮದ ನಾಡಿನಲ್ಲಿ ಸಾವಿರ ವರ್ಷ ಕುಳಿತಿತ್ತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ವಿಜಾಪುರದ ಗೋಲಗುಮ್ಮಟ. ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಬರುವವರೇ ಹೆಚ್ಚು, ಕೆಳಗೆ ಹಜಾರದಲ್ಲಿ ನಿಂತು ಕತ್ತೆತ್ತಿ ನೋಡುವವರು ಕಡಿಮೆ. ಸುಮಾರು 41 ಮೀಟರಿನ ಚೌಕದ ಮೇಲೆ ದುಂಡನೆಯ ಗುಮ್ಮಟ ಕೂಡಬೇಕು, ನಡುವೆ ಒಂದೂ ಕಂಬವಿರಬಾರದು. ಮುಹಮ್ಮದ್ ಆದಿಲ್‌ಶಾಹನ ಉಸ್ತಾದರು ಮಾಡಿದ್ದೇನು? ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟಂತೆ ಎಂಟು ಕಮಾನುಗಳನ್ನು ಹೆಣೆದರು. ಎಂಟು ಮೂಲೆಯ ನಕ್ಷತ್ರ ಮೂಡಿತು, ಅದರ ಮೇಲೆ ಗುಮ್ಮಟ ಕೂತಿತು. ಡಂಬಳದವರಿಂದ ವಿಜಾಪುರದವರು ಕಲಿತರೆಂದು ನಾವು ಹೇಳುತ್ತಿಲ್ಲ. ಇಂಥ ನಕ್ಷತ್ರಕ್ಕೆ ಈರಾನಿನ ಕಡೆಯಿಂದ ಬಂದ ಬೇರೆಯದೇ ವಂಶಾವಳಿ ಇದೆ. ಚೌಕ ಮತ್ತು ದಾರ ಯಾರಪ್ಪನ ಆಸ್ತಿಯೂ ಅಲ್ಲ, ಅಷ್ಟೇ. ಡಂಬಳದಲ್ಲಿ ನಡುವೆ ಲಿಂಗ, ಮಂಡಲದಲ್ಲಿ ದೇವತೆ, ವಿಜಾಪುರದಲ್ಲಿ ಬರಿಯ ಗಾಳಿ ಮತ್ತು ಪ್ರತಿಧ್ವನಿ.

ಇನ್ನು ಲೋಹದ ಮಾತು. ಹಿಮಾಲಯದ ಪೂಜಾ ಲೋಹವೆಂದು ಜಗತ್ತು ಕೊಂಡಾಡುವುದರಲ್ಲಿ ಬಹುಪಾಲು ಟಿಬೆಟಿಯನ್ನರ ಕೈಯದಲ್ಲ. ಕಾಠ್ಮಂಡು ಕಣಿವೆಯ ಪಾಟಣದ ನೇವಾರರದು. ಶಾಕ್ಯ ಮನೆತನಗಳು ತಲೆತಲಾಂತರದಿಂದ ಈ ಕಸುಬು ಹಿಡಿದಿವೆ. ಮೇಣದಲ್ಲಿ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ, ಬಿಸಿಗೆ ಮೇಣ ಕರಗಿ ಹರಿದ ಟೊಳ್ಳಿಗೆ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೇ ಮೂರ್ತಿ ಹೊರಬರುವುದು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಆಮೇಲೆ ಚಿನ್ನವನ್ನು ಪಾದರಸದಲ್ಲಿ ಅರೆದು ಹಚ್ಚಿ ಬೆಂಕಿ ತೋರಿಸುತ್ತಾರೆ. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಹೊಗೆ ಕುಡಿದ ಕುಶಲಕರ್ಮಿಯ ಪುಪ್ಪುಸ, ನರಗಳ ಗತಿ ಏನೆಂದು ವಸ್ತುಸಂಗ್ರಹಾಲಯದ ಗಾಜಿನ ಮೇಲೆ ಬರೆದಿರುವುದಿಲ್ಲ. ಪಶ್ಚಿಮ ಟಿಬೆಟಿನಲ್ಲಿ ಕಾಶ್ಮೀರಿಗಳ ಕೈ ಕಾಣುತ್ತದೆ. ರಿಂಚೆನ್ ಸಾಂಗ್‌ಪೋ ಎಂಬ ಪಂಡಿತ ಸಾವಿರದ ಇಸವಿಯ ಆಚೀಚೆ ಕಾಶ್ಮೀರದಿಂದ ಮೂವತ್ತೆರಡು ಕಲಾವಿದರನ್ನು ಕರೆತಂದನೆಂದು ಅಲ್ಲಿನ ಸಂಪ್ರದಾಯ ಹೇಳುತ್ತದೆ. ಅದೇ ಕಾಶ್ಮೀರ ಮುಂದೆ ಇಸ್ಲಾಮಿಗೆ ತಿರುಗಿದ ಮೇಲೂ ದಾರಿ ಮುಚ್ಚಲಿಲ್ಲ. ಲಾಸಾದಲ್ಲಿ ಕಾಶ್ಮೀರಿ ವ್ಯಾಪಾರಿಗಳ ಮೊಹಲ್ಲಾ ಬೆಳೆಯಿತು, ಐದನೇ ದಲಾಯಿ ಲಾಮಾ ಅವರಿಗೆ ಮಸೀದಿಗೂ ಖಬರಸ್ತಾನಕ್ಕೂ ಜಾಗ ಕೊಟ್ಟರೆಂಬ ಕಥೆ ಇಂದಿಗೂ ನಡೆದಿದೆ. ಟಿಬೆಟಿ ಭಾಷೆಯಲ್ಲಿ ‘ಖಚೆ’ ಎಂದರೆ ಕಾಶ್ಮೀರಿಯೂ ಹೌದು, ಮುಸಲ್ಮಾನನೂ ಹೌದು. 1959ರ ನಂತರ ಅವರಲ್ಲೂ ಅನೇಕರು ನಿರಾಶ್ರಿತರಾಗಿ ಶ್ರೀನಗರ ಸೇರಿದರು.

ಓಡಿಬಂದವರು ಎಷ್ಟು ಲೋಹ ತರಬಲ್ಲರು? ನಿಲುವಂಗಿಯ ಮಡಿಕೆಯಲ್ಲಿ ಹಿಡಿಸುವಷ್ಟು. ತಂದದ್ದರಲ್ಲೂ ಬಹಳಷ್ಟನ್ನು ಹೊಟ್ಟೆಪಾಡಿಗೆ ಕಾಠ್ಮಂಡು, ಕಾಲಿಂಪೋಂಗ್, ದಿಲ್ಲಿಯ ಬಜಾರುಗಳಲ್ಲಿ ಮಾರಿದರು. ಅಲ್ಲಿಂದ ಅದು ಯುರೋಪ್, ಅಮೆರಿಕಗಳಿಗೆ ಹೋಯಿತು. ಹಿಂದೆ ಬಿಟ್ಟು ಬಂದದ್ದರ ಗತಿ ಇನ್ನೂ ಕೆಟ್ಟದು. ಚೀನಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಮಠಗಳ ಮೂರ್ತಿಗಳನ್ನು ಲಾರಿಗಳಲ್ಲಿ ತುಂಬಿ ಕುಲುಮೆಗೆ ಕಳಿಸಿದರು, ತೂಕದ ಲೆಕ್ಕದಲ್ಲಿ. ಲಾಸಾದ ರಾಮೋಚೆ ಗುಡಿಯ ಜೋವೋ, ಏಳನೇ ಶತಮಾನದಲ್ಲಿ ನೇಪಾಳದ ರಾಜಕುಮಾರಿ ತಂದದ್ದೆಂದು ನಂಬುವ ಬುದ್ಧಮೂರ್ತಿ, ಎರಡು ತುಂಡಾಯಿತು. ಕೆಳಗಿನ ಅರ್ಧ ಲಾಸಾದಲ್ಲೇ ಬಿದ್ದಿತ್ತು. ಮೇಲಿನ ಅರ್ಧವನ್ನು 1980ರ ದಶಕದಲ್ಲಿ ರಿಬುರ್ ರಿಂಪೋಚೆ ಎಂಬ ಲಾಮಾ ಬೀಜಿಂಗಿನಲ್ಲಿ ಹುಡುಕಿ ತೆಗೆದು ತಂದರು, ಎರಡನ್ನೂ ಕೂಡಿಸಿದರು. ಅವರೇ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದು ಬಂದವರು. ಇದನ್ನು ಓದಿದಾಗಿನಿಂದ ನಮಗೆ ಗೆಳೆಯನ ತಕ್ಕಡಿಯನ್ನು ನೋಡಿದರೆ ಮೊದಲಿನ ನಗು ಬರುವುದಿಲ್ಲ.

ಹಾಗಿದ್ದರೂ ಮುಂಡಗೋಡದ ಪ್ರಾರ್ಥನಾ ಮಂದಿರಗಳಲ್ಲಿ ಇಂದು ಆಳೆತ್ತರ ಮೀರಿದ ಮೂರ್ತಿಗಳಿವೆ. ಎಲ್ಲಿಂದ ಬಂದವು? ‘ಅಳತೆ ನೆನಪಿತ್ತು’ ಅಂದರು ಆ ಲಾಮಾ. ಮುಖಕ್ಕೆ ಎಷ್ಟು ಅಂಗುಲ, ಹೆಗಲಿಗೆ ಎಷ್ಟು, ಮಂಡಲದ ಬಾಗಿಲಿಗೆ ಎಷ್ಟು, ಎಲ್ಲಕ್ಕೂ ಗ್ರಂಥಗಳಿವೆ, ಆ ಗ್ರಂಥಗಳನ್ನು ಬಾಯಿಪಾಠ ಮಾಡಿದವರಿದ್ದರು. ಬಕ್ಸಾದ ಕತ್ತಲಲ್ಲಿ ಪುಸ್ತಕವಿಲ್ಲದೆ ಒಬ್ಬರು ಹೇಳಿ ಇನ್ನೊಬ್ಬರು ಕಲಿತರು. ಕಾಲಚಕ್ರ ಮಂಡಲದಲ್ಲಿ 722 ದೇವತೆಗಳು, ಒಬ್ಬೊಬ್ಬರ ಜಾಗವೂ ನಿಗದಿ. ಅದನ್ನು ತಲೆಯಲ್ಲಿ ಹೊತ್ತು ಬರಬಹುದು, ಯಾವ ಗಡಿಯಲ್ಲೂ ಯಾರೂ ತೂಗಿ ನೋಡಲಾರರು. ನಮ್ಮಲ್ಲಿ ಹಾಫಿಜ್ ಆದವರನ್ನು ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ.

ಮರಳಿನ ಮಂಡಲ ಬರೆಯುವುದನ್ನೂ ನಾವು ಒಮ್ಮೆ ಅಲ್ಲಿ ನೋಡಿದೆವು. ಚಕ್‌ಪುರ್ ಎನ್ನುವ ಸಪೂರ ಲೋಹದ ಕೊಳವೆ, ಮೈಮೇಲೆ ಗರಗಸದಂಥ ಹಲ್ಲು. ಒಳಗೆ ಬಣ್ಣದ ಮರಳು ತುಂಬಿ ಇನ್ನೊಂದು ಕಡ್ಡಿಯಿಂದ ಉಜ್ಜುತ್ತಾರೆ. ನಡುಕಕ್ಕೆ ಮರಳು ಕಾಳುಕಾಳಾಗಿ ಇಳಿಯುತ್ತದೆ. ನಾಲ್ಕಾರು ಮಂದಿ ಬಗ್ಗಿ ಕೂತು ದಿನಗಟ್ಟಲೆ ಉಜ್ಜುತ್ತಿದ್ದರೆ ಇಡೀ ಕೋಣೆಯಲ್ಲಿ ಜೀರುಂಡೆಯಂಥ ಸದ್ದು. ಮುಗಿದ ಮೇಲೆ ಪೂಜೆ ಮಾಡಿ, ಗೆರೆಗಳನ್ನು ವಜ್ರದಿಂದ ಅಡ್ಡ ಕಡಿದು, ಗುಡಿಸಿ, ಹರಿಯುವ ನೀರಿಗೆ ಬಿಡುತ್ತಾರೆ. ರಂಗೋಲಿ ಹಾಕುವ ಮನೆಗಳ ನಡುವೆ ತುಳಿಯದಂತೆ ದಾಟುತ್ತ ಬೆಳೆದ ನಮಗೆ ಇದು ತೀರ ಹೊಸದೆನಿಸಲಿಲ್ಲ. ನಾಳೆ ಬೆಳಿಗ್ಗೆ ಕೈ ಮತ್ತೆ ಹಾಕಬಲ್ಲದು ಎಂಬ ಧೈರ್ಯವಿದ್ದವರಷ್ಟೇ ಗುಡಿಸಬಲ್ಲರು.

ಇತ್ತ ಪೇಟೆಗೆ ಬೇಕಾದದ್ದು ಹಳೆಯದು ಮಾತ್ರ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಮೂರ್ತಿಯಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ, ಮಾರುವವನಿಗೆ ಪರವಾನಗಿ ಬೇಕು. ಆದ್ದರಿಂದ ಒಂದು ವಿಚಿತ್ರ ನಡೆಯುತ್ತದೆ. ನಿಜವಾಗಿ ಹಳೆಯದನ್ನು ಹೊಸದೆಂದು ಸಾಗಿಸುವವರಿದ್ದಾರೆ, ಹೊಸದನ್ನು ಹಳೆಯದೆಂದು ಮಾರುವವರೂ ಇದ್ದಾರೆ. ಗೋವಾ, ಕೊಚ್ಚಿಗಳ ಕ್ಯೂರಿಯೋ ಅಂಗಡಿಗಳಲ್ಲಿ ಕಾಶ್ಮೀರಿ ಭಾಯಿಗಳು ನಮ್ಮ ಉರ್ದು ಕೇಳಿದೊಡನೆ ಚಹಾ ತರಿಸುತ್ತಾರೆ, ಎರಡನೇ ಕಪ್ಪಿಗೆ ಸತ್ಯ ಹೇಳುತ್ತಾರೆ. ಇನ್ನೂರು ವರ್ಷದ್ದೆಂದು ಪರದೇಶಿಗರಿಗೆ ತೋರಿಸಿದ್ದು ಮುರಾದಾಬಾದಿನಿಂದ ಹೋದ ವರ್ಷ ಬಂದದ್ದು. ‘ಹಾಡುವ ಬಟ್ಟಲು’ಗಳ ಕಥೆ ಇನ್ನೂ ತಮಾಷೆಯದು. ಏಳು ಲೋಹ, ಏಳು ಗ್ರಹ, ಸಾವಿರಾರು ವರ್ಷದ ಟಿಬೆಟಿನ ಗುಪ್ತವಿದ್ಯೆ ಎನ್ನುತ್ತಾರೆ. ಆ ಹುಚ್ಚು ಹಬ್ಬಿದ್ದು 1972ರಲ್ಲಿ ಅಮೆರಿಕದಲ್ಲಿ ‘ಟಿಬೆಟನ್ ಬೆಲ್ಸ್’ ಎಂಬ ಗ್ರಾಮಫೋನ್ ತಟ್ಟೆ ಬಂದ ಮೇಲೆ. ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿದಾಗ ಸಿಕ್ಕದ್ದು ಹೆಚ್ಚಾಗಿ ತಾಮ್ರ ಮತ್ತು ತವರ, ಸರಿಸುಮಾರು ನಾಲ್ಕಕ್ಕೆ ಒಂದರಂತೆ. ಅಂದರೆ ಕಂಚು. ನಮ್ಮ ಅಜ್ಜಿಯ ಗಂಗಾಳವನ್ನು ಬೆರಳ ತುದಿಯಲ್ಲಿ ಹಿಡಿದು ಬಡಿದಿದ್ದರೆ ಅದೂ ಹಾಡುತ್ತಿತ್ತು.

ಕಳ್ಳರ ಕೈಯ ಗುರುತು ಮೂರ್ತಿಯ ಬುಡದಲ್ಲಿರುತ್ತದೆ. ಟಿಬೆಟಿಯನ್ನರು ಟೊಳ್ಳು ಮೂರ್ತಿಯೊಳಗೆ ಮಂತ್ರ ಬರೆದ ಕಾಗದದ ಸುರುಳಿಗಳನ್ನು, ನಡುವೆ ಜೀವದಂಡವೆನ್ನುವ ಮರದ ಕೋಲನ್ನು ತುಂಬಿ, ಕೆಳಗೆ ತಾಮ್ರದ ತಗಡು ಹಾಕಿ ಮುಚ್ಚುತ್ತಾರೆ. ತಗಡಿನ ಮೇಲೆ ಅಡ್ಡಲಾಗಿ ಕೂಡಿದ ಎರಡು ವಜ್ರಗಳ ಗುರುತು. ಅಷ್ಟಾದರೆ ಅದು ಮೂರ್ತಿ, ಇಲ್ಲದಿದ್ದರೆ ಲೋಹ. ಒಳಗೆ ರತ್ನವಿದ್ದೀತೆಂಬ ಆಸೆಗೆ ಈ ತಗಡನ್ನು ಕಿತ್ತವರಿದ್ದಾರೆ. ಜಗತ್ತಿನ ಗಾಜಿನ ಪೆಟ್ಟಿಗೆಗಳಲ್ಲಿ ಮುಗುಳ್ನಗುವ ಎಷ್ಟೋ ಬುದ್ಧರ ಹೊಟ್ಟೆ ಖಾಲಿ.

ನಮ್ಮ ಗಂಟೆ ಪ್ರಾಚೀನವಾಗಿರಲಿಲ್ಲ. ಲಾಮಾ ಅದನ್ನು ಉಗುರಿನಿಂದ ತಟ್ಟಿ, ಅಂಚನ್ನು ಸವರಿ, ‘ಮೂವತ್ತು, ನಲವತ್ತು ವರ್ಷ, ನೇಪಾಳದ್ದು’ ಅಂದರು. ನಮ್ಮ ಮುಖ ಸಣ್ಣದಾದದ್ದನ್ನು ಕಂಡು ಜೋರಾಗಿ ನಕ್ಕರು. ನಾಲಗೆ ಹಾಕಿಸಿದರೆ ನಡೆಯುತ್ತದೆ ಎಂದರು. ಹುಬ್ಬಳ್ಳಿಗೆ ತಂದು ಲೇಥ್ ಕೆಲಸದ ಹುಡುಗನೊಬ್ಬನಿಗೆ ಕೊಟ್ಟೆವು. ಅವನು ಎರಡು ದಿನ ತಿರುಗಾಡಿಸಿ, ಕಬ್ಬಿಣದ ಚಿಕ್ಕ ನಾಲಗೆಯೊಂದನ್ನು ಮಾಡಿ ತಂತಿಯಿಂದ ಕಟ್ಟಿಕೊಟ್ಟ. ಐವತ್ತು ರೂಪಾಯಿ ತೆಗೆದುಕೊಂಡ.

ಗಂಟೆ ಈಗ ಮುಂಡಗೋಡದಲ್ಲಿದೆ. ಓದಲು ಹೊಸದಾಗಿ ಬಂದ ಲಡಾಖಿನ ಹುಡುಗನೊಬ್ಬನಿಗೆ ಸ್ವಂತ ಗಂಟೆ ಇರಲಿಲ್ಲವಂತೆ, ಮುದುಕರು ಅವನಿಗೆ ಕೊಟ್ಟರು, ಜೋಡಿ ವಜ್ರವನ್ನು ತಮ್ಮಲ್ಲಿದ್ದ ಒಂದನ್ನೇ ಕೊಟ್ಟರು. ತೂಕದ ಚೀಟಿ ನಮ್ಮ ಬಳಿ ಉಳಿದಿದೆ. ಡಂಬಳದ ಶಾಸನದ ನಕಲು ಇಟ್ಟಿರುವ ಫೈಲಿನಲ್ಲೇ ಅದನ್ನೂ ಇಟ್ಟಿದ್ದೇವೆ.